ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಶಾಕ್ ವೇವ್ ಕಂಡಿದ್ದು

ಕೊನೆಗೂ ಕಂಡಿತು. ಎರಡು ಮಿಲಿಮೀಟರ್ ತೂತಿನಿಂದ ನುಗ್ಗುವ ಗಾಳಿಯೊಳಗೆ, ಮಣಿ ಪೋಣಿಸಿದ ಹಾಗೆ ಸಾಲಾಗಿ ಐದಾರು ಇಸ್ಪೀಟಿನ ಡೈಮಂಡ್‌ಗಳು. ಗಾಳಿ ಓಡುತ್ತಿದೆ, ಅವು ಮಾತ್ರ ನಿಂತಲ್ಲೇ ನಿಂತಿವೆ. ಅವೇ ಶಾಕ್ ವೇವ್, ಅಂದರೆ ಶಬ್ದಕ್ಕಿಂತ ಜೋರಾಗಿ ಓಡುವ ಗಾಳಿಯಲ್ಲಿ ಒತ್ತಡ ಥಟ್ಟನೆ ಏರುವ ಗೆರೆಗಳು. ಮಂಡ್ಯದ ಗುತ್ತಲು ರಸ್ತೆಯ ಕಡೆ ಒಂದು ಪಂಕ್ಚರ್ ಅಂಗಡಿಯಲ್ಲಿ, ಬೆಳಗಿನ ಜಾವ ಐದೂವರೆಗೆ.

ಆಗಲ್ಲ ಅಂದವರೇ ಜಾಸ್ತಿ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, "ಸುಮ್ನಿರಿ ಸಾರ್, ಸೂಪರ್‌ಸಾನಿಕ್ ಅಂದ್ರೆ ಐಐಎಸ್‌ಸಿಯಲ್ಲಿ ವಿಜ್ಞಾನಿ ಸತೀಶ್ ಧವನ್ ಕಟ್ಟಿದಂಥ ಗಾಳಿ ಸುರಂಗ ಬೇಕು. ಟೈರಿಗೆ ಹಿಡಿಯೋ ಗಾಳೀಲಿ ಎಲ್ಲಿಂದ ಬರುತ್ತೆ?" ಅಂದರು. ಬರುತ್ತೆ. ಗಾಳಿ ತುಂಬಿದ ತೊಟ್ಟಿಯ ಒಳಗಿನ ಒತ್ತಡ ಹೊರಗಿನದರ 1.9 ಪಟ್ಟು ಆದರೆ ಸಾಕು, ತೂತಿನ ಬಾಯಲ್ಲೇ ಗಾಳಿ ಶಬ್ದದ ವೇಗ ಮುಟ್ಟುತ್ತೆ. ಗೇಜಿನ ಮುಳ್ಳು ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟನ್ನೇ ತೋರಿಸುತ್ತೆ, ಆ ಲೆಕ್ಕದಲ್ಲಿ ಅದು ಬರೀ 13 ಪೌಂಡ್. ಸ್ಕೂಟರ್ ಟೈರಿಗೇ ಅದಕ್ಕಿಂತ ಜಾಸ್ತಿ ಹಿಡಿಯುತ್ತೇವೆ. ಇನ್ನೂ ಒತ್ತಡ ಏರಿಸಿದರೆ ಹೊರಗೆ ಬಂದ ಮೇಲೆ ಗಾಳಿ ಹಿಗ್ಗಿ ಶಬ್ದವನ್ನೂ ಮೀರಿ ಓಡುತ್ತೆ.

ಇದರ ಹುಚ್ಚು ಹಿಡಿದದ್ದು 2020ರ ಮೇ 20ರಂದು. ಬೆಂಗಳೂರಿನಲ್ಲಿ ಮಧ್ಯಾಹ್ನ ಭಾರೀ ಸದ್ದಾಯಿತಲ್ಲ, ಕಿಟಕಿ ನಡುಗಿ ಭೂಕಂಪ ಅಂತ ಜನ ಹೆದರಿದ್ದರು. ಆಮೇಲೆ ರಕ್ಷಣಾ ಇಲಾಖೆಯವರು ಹೇಳಿದ್ದು: ವಾಯುಪಡೆಯ ಪರೀಕ್ಷಾ ವಿಮಾನ, ನಗರದಿಂದ ದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆದ ಸದ್ದು ಇರಬಹುದು. ಲಾಕ್‌ಡೌನ್ ಕಾಲ, ಪಾಠ ಮೊಬೈಲ್‌ನಲ್ಲಿ. ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು, "ಸಾರ್, ಶಬ್ದದ ವೇಗ ದಾಟಿದಾಗ ತಾನೇ ಢಂ ಅನ್ನೋದು? ಇಳಿಸುವಾಗ ಯಾಕೆ?"

ದಾಟಿದ ಕ್ಷಣಕ್ಕೆ ಒಂದೇ ಸಲ ಢಂ ಅಂತ ನಾವೇ ಪಾಠ ಮಾಡಿಬಿಟ್ಟಿರುತ್ತೇವೆ, ಅಲ್ವಾ? ಹಾಗಲ್ಲ. ಆ ವೇಗದಲ್ಲಿ ಎಷ್ಟು ಹೊತ್ತು ಹಾರುತ್ತೋ ಅಷ್ಟು ಹೊತ್ತೂ ವಿಮಾನ ಶಾಕ್ ವೇವ್ ಅನ್ನೋ ಅಲೆಯನ್ನು ಸೆರಗಿನ ಹಾಗೆ ಎಳೆದುಕೊಂಡೇ ಹೋಗುತ್ತೆ. ಸೆರಗು ಯಾರ ಮೇಲೆ ಹಾಯುತ್ತೋ ಅವರಿಗೆ ಆಗ ಢಂ. ಆಮೇಲೆ ವಿಮಾನ ನಿಧಾನ ಮಾಡಿದರೂ ಬಿಟ್ಟ ಅಲೆ ತನ್ನ ಪಾಡಿಗೆ ನೆಲಕ್ಕೆ ಇಳಿಯುತ್ತೆ. ಕಾಂಕಾರ್ಡ್ ಸಮುದ್ರದ ಮೇಲೆ ಹೋದ ಮೇಲೇ ಆ ವೇಗ ಹಿಡಿಯುತ್ತಿದ್ದದ್ದು ಇದಕ್ಕೇ. ಹೇಳಿದೆ, ಚಿತ್ರ ಬರೆದೆ. ಅವಳಿಗೆ ಸಮಾಧಾನ ಆಗಲಿಲ್ಲ. ಕಣ್ಣಿಗೆ ತೋರಿಸಬೇಕು ಅನ್ನಿಸಿತು. ವಿಮಾನ ಓಡಿಸಲು ಆಗದಿದ್ದರೆ ಗಾಳಿಯನ್ನೇ ಓಡಿಸಿದರೆ ಆಯಿತು, ಅಲೆ ನಿಂತು ಕೊಡುತ್ತೆ.

ತೋರಿಸುವ ದಾರಿ ಶ್ಲೀರೆನ್. ಗಾಳಿಯ ಸಾಂದ್ರತೆ ಬದಲಾಗುವ ಕಡೆ ಬೆಳಕು ಚೂರು ಬಾಗುತ್ತೆ, ಅದನ್ನು ಬ್ಲೇಡಿನ ಅಂಚಿನಲ್ಲಿ ತಡೆದು ಕಪ್ಪು ಬಿಳುಪಾಗಿ ಕಾಣಿಸುವ ವಿಧಾನ. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ದೂರದರ್ಶಕದ ಕನ್ನಡಿ ಉಜ್ಜಿದವರಿಗೆ ಬ್ಲೇಡ್ ಇಟ್ಟು ಕನ್ನಡಿಯ ತಪ್ಪು ಹುಡುಕುವ ಫೂಕೋ ಟೆಸ್ಟ್ ಗೊತ್ತಿರುತ್ತೆ, ಇದು ಅದೇ. ತಗ್ಗು ಕನ್ನಡಿಯಿಂದ ಎಂಟಡಿ ದೂರದಲ್ಲಿ ಬೆಳಕಿನ ಚುಕ್ಕೆ, ಪಕ್ಕದಲ್ಲೇ ಬ್ಲೇಡ್, ಹಿಂದೆ ಕ್ಯಾಮೆರಾ. ಕನ್ನಡಿಯ ಮುಂದೆ ಹತ್ತಿರದಲ್ಲೇ ನಾಜಲ್, ಅಂದರೆ ಗಾಳಿ ನುಗ್ಗಿ ಬರುವ ತೂತಿನ ಮೂತಿ.

ದುಡ್ಡು ಹೋದ ಕಥೆ ಹೇಳಬೇಕು. ಮೊದಲು ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಒಂದು ತಗ್ಗು ಕನ್ನಡಿ ತರಿಸಿದೆ. ಬ್ಲೇಡ್ ಇಟ್ಟು ನೋಡಿದರೆ ಉಳುಮೆ ಮಾಡಿದ ಹೊಲದ ಹಾಗೆ ಸಾಲು ಸಾಲು. ಎರಡನೆಯದು ಆರು ಇಂಚಿನ ದೂರದರ್ಶಕದ್ದು, ಫೋಕಲ್ ಲೆಂತ್ 48 ಇಂಚು, 4,200ರ ಹತ್ತಿರ ಬಿತ್ತು. ಅಂಚು ಇಳಿದುಹೋಗಿತ್ತು. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಅಂಚಿಗೆ ಕಪ್ಪು ಕಾಗದ ಅಂಟಿಸಿ ನಡುವಿನ ಐದು ಇಂಚು ಬಳಸಿದೆ, ಸಾಕಾಯಿತು.

ಗಾಳಿಗೆ ಮೊದಲು ಸೈಕಲ್ ಪಂಪು. ಎರಡು ಸೆಕೆಂಡ್ ಬಂದು ಸತ್ತುಹೋಗುತ್ತೆ. ಕುಕ್ಕರ್ ಕೂಡ ನೋಡಿದೆ. ವಿಷಲ್ ಹಾರುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು, ಲೆಕ್ಕಕ್ಕೆ ಅಂಚಿನಲ್ಲಿದೆ. ಆದರೆ ಹಬೆ ತಣಿದು ಬೆಳ್ಳಗಾಗುತ್ತೆ, ಕ್ಯಾಮೆರಾಗೆ ಮೋಡ ಬಿಟ್ಟು ಏನೂ ಕಾಣಲಿಲ್ಲ. ಒಂದು ಭಾನುವಾರದ ಬೇಳೆ ಅದಕ್ಕೇ ಹೋಯಿತು.

ಆಗ ಪಂಕ್ಚರ್ ಅಂಗಡಿಯ ಅಣ್ಣನ ಹತ್ತಿರ ಹೋದೆ. "ಮೇಷ್ಟ್ರೇ, ಲಾರಿ ಟೈರಿಗೆ 120 ಪೌಂಡ್ ಹಿಡೀತೀನಿ, ನಿಮ್ಗೆ ಎಷ್ಟು ಬೇಕು?" ಅಂದರು. ಕರೆಂಟಿಗೆ ದಿನಕ್ಕೆ 50 ರೂಪಾಯಿ, ಜೊತೆಗೆ ಟೀ. ಲೇತ್‌ನಲ್ಲಿ ಹಿತ್ತಾಳೆ ನಾಜಲ್ ತಿರುಗಿಸಿಕೊಂಡೆ, ಒಂದಕ್ಕೆ 150. ಮೊದಲನೆಯದರ ತೂತು ನಾಲ್ಕು ಮಿಲಿಮೀಟರ್. ಅರ್ಧ ನಿಮಿಷದಲ್ಲಿ ಮುಳ್ಳು ಪಾತಾಳಕ್ಕೆ. ಎರಡು ಮಿಲಿಮೀಟರ್‌ಗೆ ಇಳಿಸಿದ ಮೇಲೆ ಹತೋಟಿಗೆ ಬಂತು. ನಾಜಲ್ ಒಳಗನ್ನು ಹೇಗೆ ನುಣುಪು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮೂರು ನಾಜಲ್ ಹಾಳು ಮಾಡಿ ಕಲಿತದ್ದು.

ಏಪ್ರಿಲ್ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೆ ಗಾಳಿ ಕುದಿಯುತ್ತಿತ್ತು. ಚಿತ್ರದ ತುಂಬ ಬಿಸಿ ಅಲೆ. ರಸ್ತೆಯಲ್ಲಿ ಕಬ್ಬಿನ ಲಾರಿ ಹೋದರೆ ಬೆಳಕಿನ ಚುಕ್ಕೆ ಬ್ಲೇಡಿನಿಂದ ಜಾರಿಹೋಗುತ್ತೆ. ಕಂಪ್ರೆಸರ್ ಮೋಟಾರಿನ ನಡುಕ ಬೇರೆ. ಇದಕ್ಕೆ ಸಿಕ್ಕ ದಾರಿ ಸರಳ. ರಾತ್ರಿ ಅಂಗಡಿ ಮುಚ್ಚುವಾಗ ತೊಟ್ಟಿ ತುಂಬಿಸಿಟ್ಟು, ಬೆಳಗಿನ ಜಾವ ಮೋಟಾರ್ ಹಾಕದೆ ಆ ಗಾಳಿಯನ್ನೇ ಬಿಡುವುದು. 160 ಲೀಟರ್ ತೊಟ್ಟಿ, 120ರಿಂದ 80 ಪೌಂಡ್‌ಗೆ ಇಳಿಯೋಕೆ ಸುಮಾರು ಒಂದೂವರೆ ನಿಮಿಷ. ಧಾರಾಳ ಆಯಿತು.

ಆದರೂ ಎರಡು ವಾರ ಏನೂ ಕಾಣಲಿಲ್ಲ. ಗಾಳಿಯ ಎರಡು ಅಂಚು ಕಾಣುತ್ತೆ, ಒಳಗೆ ಖಾಲಿ. ಬಿಟ್ಟೇಬಿಡೋಣ ಅನ್ನಿಸಿತ್ತು. ಒಂದು ದಿನ ಸುಮ್ನೆ ಬ್ಲೇಡನ್ನು ತಿರುಗಿಸಿದೆ. ಅಲ್ಲೀತನಕ ಅದರ ಅಂಚನ್ನು ನೆಲಕ್ಕೆ ಸಮವಾಗಿ ಮಲಗಿಸಿ ಇಟ್ಟಿದ್ದೆ, ಗಾಳಿಯೂ ಅದೇ ದಿಕ್ಕಿನಲ್ಲಿ ಹೋಗುತ್ತಿತ್ತು. ನೆಟ್ಟಗೆ ನಿಲ್ಲಿಸಿದ ಕೂಡಲೇ ಒಳಗೆ ಬಿಳಿ, ಕಪ್ಪು, ಬಿಳಿ, ಕಪ್ಪು. ಗಾಳಿ ಹೋಗುವ ದಿಕ್ಕಿನಲ್ಲೇ ಸಾಂದ್ರತೆ ಏರಿಳಿಯುತ್ತಿದೆ, ಅದನ್ನು ಹಿಡಿಯಬೇಕಾದರೆ ಬ್ಲೇಡಿನ ಅಂಚು ಆ ದಿಕ್ಕಿಗೆ ಅಡ್ಡ ಇರಬೇಕು. ಅಷ್ಟೇ. "ಅಣ್ಣಾ ಬಾ ಇಲ್ಲಿ" ಅಂತ ಕೂಗಿದ್ದಕ್ಕೆ ಅವರು ಟ್ಯೂಬ್ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು.

80 ಪೌಂಡಿನಲ್ಲಿ ಒಂದೊಂದು ಡೈಮಂಡ್ ಸುಮಾರು ಐದು ಮಿಲಿಮೀಟರ್ ಉದ್ದ. 30ಕ್ಕೆ ಇಳಿಸಿದರೆ ಮೂರಕ್ಕಿಂತ ಕಮ್ಮಿ. ಒತ್ತಡ ಜಾಸ್ತಿ ಇದ್ದಾಗ ಮೊದಲ ಡೈಮಂಡಿನ ತುದಿಯಲ್ಲಿ ಚೂಪು ಹೋಗಿ ಚಪ್ಪಟೆ ಗೆರೆ ಬರುತ್ತೆ, ಅದು ಮ್ಯಾಕ್ ಡಿಸ್ಕ್. ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರಾದರೂ ತೆಗೆದದ್ದು ನಾನು ಕೇಳಿಲ್ಲ.

ಆಮೇಲೆ ಗುಂಡುಸೂಜಿ. ಹಳೆಯ ನಾಲ್ಕು ಮಿಲಿಮೀಟರ್ ನಾಜಲ್ ಹಾಕಿ, ಗಾಳಿ ಚೂರು ಚೂರೇ ಬಿಟ್ಟು, ಸೂಜಿಯ ಚೂಪು ತುದಿಯನ್ನು ಗಾಳಿಗೆ ಎದುರು ಹಿಡಿದೆ. ತುದಿಗೆ ಅಂಟಿಕೊಂಡೇ ಎರಡು ಸಣ್ಣ ಗೆರೆ, ಬಾಣದ ಹಾಗೆ. ತಿರುಗಿಸಿ ಗುಂಡು ತಲೆ ಹಿಡಿದೆ. ಗೆರೆ ತಲೆಯನ್ನು ಮುಟ್ಟಲೇ ಇಲ್ಲ. ಸ್ವಲ್ಪ ಮುಂದೆ ಕಮಾನಿನ ಹಾಗೆ ಬಾಗಿ ನಿಂತಿತು. ಯುದ್ಧ ವಿಮಾನದ ಮೂತಿ ಯಾಕೆ ಚೂಪು ಅಂತ ಕೇಳುವ ಮಕ್ಕಳಿಗೆ ಈ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಮುಗಿಯಿತು. ವೇಗ ಹೆಚ್ಚಿದಷ್ಟೂ ಬಾಣ ಕಿರಿದಾಗುತ್ತೆ, ಅದರ ಕೋನ ಅಳೆದು ನೋಡಿದಾಗ ಗಾಳಿಯ ವೇಗ ಶಬ್ದದ ಒಂದೂಮುಕ್ಕಾಲು ಪಟ್ಟಿನ ಆಸುಪಾಸು ಬಂತು.

ಒಟ್ಟು ಖರ್ಚು 11,000 ದಾಟಿಲ್ಲ, ಹಾಳಾದದ್ದೂ ಸೇರಿ. ಮಾಡುವವರು ಕಣ್ಣಿಗೆ ದಪ್ಪ ಕನ್ನಡಕ, ಕಿವಿಗೆ ಇಯರ್‌ಪ್ಲಗ್ ಬಿಡಬೇಡಿ. ಗಾಳಿಯನ್ನು ಮೈಗೆ ಹಿಡಿಯಲೇಬಾರದು.

ಸೋತದ್ದು ಒಂದೇ, ಬಾರುಕೋಲು. ಅದರ ತುದಿ ಶಬ್ದವನ್ನು ಮೀರಿದಾಗಲೇ ಛಟ್ ಅನ್ನೋದು, ಅಂದರೆ ವಿಮಾನದ ಆ ಢಂ ಥರದ್ದೇ ಪುಟ್ಟ ಸಾನಿಕ್ ಬೂಮ್. ಊರಿನಿಂದ ಮಾವನವರ ಹಳೇ ಬಾರುಕೋಲು ತಂದು ಒಂದು ತಿಂಗಳು ಬೀಸಿದೆ. ಮೊಬೈಲ್‌ನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಲೆ ಒಂದೂಕಾಲು ಮೀಟರ್‌ಗಿಂತ ಜಾಸ್ತಿ ಓಡಿರುತ್ತೆ, ನನ್ನ ಕನ್ನಡಿ ಆರೇ ಇಂಚು. ವಿಜ್ಞಾನಿಗಳಾದ ಅರ್ನ್ಸ್ಟ್ ಮ್ಯಾಕ್ ಮತ್ತು ಪೀಟರ್ ಸಾಲ್ಚರ್ 1886ರಲ್ಲಿ ಬಂದೂಕಿನ ಗುಂಡಿನ ಶಾಕ್ ವೇವ್ ಹಿಡಿದದ್ದು ವಿದ್ಯುತ್ ಕಿಡಿಯ ಬೆಳಕಿನಲ್ಲಿ. ಕ್ಯಾಮೆರಾ ಬಾಯಿ ತೆರೆದೇ ಇಟ್ಟು, ಕತ್ತಲಲ್ಲಿ ಒಂದೇ ಒಂದು ಕಿಡಿ. ನಾನೂ ಈಗ ಗ್ಯಾಸ್ ಲೈಟರ್ ಬಿಚ್ಚಿ ಕೂತಿದ್ದೇನೆ. ಬಾರಿನ ಸದ್ದಿಗೇ ಕಿಡಿ ಹಾರುವ ಹಾಗೆ ಮಾಡಬೇಕು, ಆ ಸದ್ದು ಹಿಡಿಯುವ ಮೈಕ್ ಎಷ್ಟು ದೂರ ಇಡಬೇಕು ಅನ್ನೋದು ಇನ್ನೂ ಕೂಡಿಬಂದಿಲ್ಲ.