ಮೂರನೇ ಕಾಲಂ ಕೆಳಗಿಳಿದರೆ ಮೊದಲು ಅಗಲ ಕೂಡಿಸಿ ನೋಡಿ

ಬಾಗಲಕೋಟೆಯ ಸೀರೆ ಅಂಗಡಿಯೊಂದರ ವೆಬ್ ಪುಟ. ಸಾಲಿಗೆ ಮೂರು ಕಾಲಂ: ಇಳಕಲ್ ಸೀರೆ, ಗುಳೇದಗುಡ್ಡ ಖಣ, ಕಸೂತಿ ಕುಪ್ಪಸ. ಮೂರನೆಯದು ಕೆಳಗಿನ ಸಾಲಿಗೆ ಜಾರಿತ್ತು. ಇಂಥಲ್ಲಿ ಸಿಎಸ್ಎಸ್‌ನಲ್ಲಿ (ಪುಟದ ರೂಪ ಹೇಳುವ ಭಾಷೆ) ಕಾಲಂ ಅಗಲವನ್ನು 33.33%ರಿಂದ 29%ಗೆ ಇಳಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಾನು ಹಾಗೆ ಮಾಡುವುದಿಲ್ಲ. ಪರದೆ ಕಿರಿದಾದಾಗ ಅದು ಮತ್ತೆ ಜಾರುತ್ತದೆ.

ಹೊರಗಿನ ಡಬ್ಬಿ 960 ಪಿಕ್ಸೆಲ್, ಕಾಲಂಗೆ 320. ಆದರೆ ನಾವು ಬೇರೆ ಹೇಳದಿದ್ದರೆ ಬ್ರೌಸರ್ ಪ್ಯಾಡಿಂಗನ್ನೂ (ಒಳಗಿನ ಖಾಲಿ ಜಾಗ) ಬಾರ್ಡರನ್ನೂ (ಸುತ್ತಲಿನ ಗೆರೆ) ಆ 320ರ ಮೇಲೆ ಸೇರಿಸುತ್ತದೆ. ಎರಡೂ ಬದಿಗೆ 16ರಂತೆ ಪ್ಯಾಡಿಂಗ್ 32, 1ರಂತೆ ಬಾರ್ಡರ್ 2, ಒಟ್ಟು 354. ಮೂರಕ್ಕೆ 1062, ಅಂದರೆ 102 ಹೆಚ್ಚು. ಫ್ಲೋಟ್ ಆದ (ಒಂದರ ಪಕ್ಕ ಒಂದು ನಿಲ್ಲುವಂತೆ ತೇಲಿಸಿದ) ಕಾಲಂಗೆ ಪಕ್ಕದಲ್ಲಿ ಜಾಗ ಸಾಲದಿದ್ದರೆ ಕೆಳಗಿಳಿಯದೆ ಗತಿಯಿಲ್ಲ. ಎಲ್ಲ ಎಲಿಮೆಂಟಿಗೂ ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್ ಕೊಟ್ಟೆ, ಪ್ಯಾಡಿಂಗೂ ಬಾರ್ಡರೂ 320ರ ಒಳಗೇ ಸೇರಿ ಮೂರೂ ಒಂದೇ ಸಾಲಿಗೆ ಬಂದವು. (ಅಗಲ ಕಣ್ಣಿಗೆ ಕಾಣಲೆಂದು ಗೆರೆ ಹಾಕುವಾಗ ಔಟ್‌ಲೈನ್ ಬಳಸಿ. ಅದು ಜಾಗ ತಿನ್ನುವುದಿಲ್ಲ.)

ಕಾಲಂಗಳ ನಡುವೆ 20 ಪಿಕ್ಸೆಲ್ ಬೇಕಿತ್ತು. ಫ್ಲೋಟ್ ತೆಗೆದು, ಹೊರಗಿನ ಡಬ್ಬಿಗೆ ಡಿಸ್‌ಪ್ಲೇ: ಗ್ರಿಡ್, (ಚೌಕಳಿ ಜೋಡಣೆ) ಮೂರು ಕಾಲಂಗೂ 1ಎಫ್‌ಆರ್ (ಉಳಿದ ಜಾಗದ ಒಂದು ಪಾಲು), ಗ್ಯಾಪ್ 20 ಕೊಟ್ಟೆ. ಎರಡು ಗ್ಯಾಪಿನ 40 ಕಳೆದು ಉಳಿದ 920ನ್ನು ಗ್ರಿಡ್ಡೇ ಹಂಚುತ್ತದೆ. ಹಳೆಯ 33.33% ಅಳಿಸಲೇಬೇಕು, ಉಳಿದರೆ ಪ್ರತಿ ಕಾಲಂನ ಡಬ್ಬಿ ತನ್ನ ಪಾಲಿನ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ.

ಇಷ್ಟಾದರೂ ಮೊದಲ ಕಾಲಂ ದಪ್ಪಗಾಗಿ ಉಳಿದೆರಡನ್ನು ಒತ್ತುತ್ತಿತ್ತು. ಅದರಲ್ಲಿ ನಡುವೆ ಜಾಗವೇ ಇಲ್ಲದ ಉದ್ದನೆಯ ಲಿಂಕ್ ಇತ್ತು. 1ಎಫ್‌ಆರ್ ಎಂದರೆ ಸಮಪಾಲು ಎಂದು ನಂಬಿ ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಒಳಗಿನ ಮುರಿಯಲಾಗದ ಪದಕ್ಕಿಂತ ಕಾಲಂ ಕಿರಿದಾಗುವುದಿಲ್ಲ. ಮಿನ್‌ಮ್ಯಾಕ್ಸ್(0, 1ಎಫ್‌ಆರ್) (ಕನಿಷ್ಠ 0, ಗರಿಷ್ಠ ಒಂದು ಪಾಲು) ಎಂದು ಬರೆದು, ಉದ್ದದ ಪದ ಮುರಿಯಲೆಂದು ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್ ಸೇರಿಸಿದ ಮೇಲೆ ಅಗಲ ಸಮವಾಯಿತು. ಗ್ರಿಡ್ ಬದಲು ಫ್ಲೆಕ್ಸ್ (ಒಂದೇ ದಿಕ್ಕಿನಲ್ಲಿ ಜೋಡಿಸುವ ವಿಧಾನ) ಆಗಿದ್ದರೆ ಇದೇ ಕೆಲಸಕ್ಕೆ ಒಳಗಿನ ಡಬ್ಬಿಗೆ ಮಿನ್-ವಿಡ್ತ್: 0. ಓವರ್‌ಫ್ಲೋ: ಹಿಡನ್ ಹಾಕಿ ಮುಚ್ಚಬೇಡಿ, ಗಿರಾಕಿಗೆ ಬೇಕಾದ ಅಕ್ಷರವೇ ಕತ್ತರಿಸಿಹೋಗುತ್ತದೆ.

ಮೊಬೈಲಿಗೆ ರಿಪೀಟ್(ಆಟೋ-ಫಿಟ್, ಮಿನ್‌ಮ್ಯಾಕ್ಸ್(260 ಪಿಕ್ಸೆಲ್, 1ಎಫ್‌ಆರ್)) ಸಾಕು, ಅಂದರೆ ಕನಿಷ್ಠ 260ರ ಕಾಲಂ ಎಷ್ಟು ಹಿಡಿಯುತ್ತವೋ ಅಷ್ಟು. 960ರಲ್ಲಿ ಮೂರು ಕಾಲಂ, 360ರ ಫೋನಿನಲ್ಲಿ ಒಂದೇ.

ಕೊನೆಗೆ ಉಳಿದದ್ದು ಬೆಲೆಯ ಬಟನ್. ‘ಗುಳೇದಗುಡ್ಡ ಖಣ’ ಎಂಬ ಹೆಸರು ಒಂದೇ ಸಾಲು, ‘ಗೋಮಿ ದಡಿಯ ಟೋಪ್ ತೆನಿ ಸೆರಗಿನ ಇಳಕಲ್ ಸೀರೆ’ ಎರಡು ಸಾಲು. ಹೀಗಾಗಿ ಬಟನ್‌ಗಳು ಏರುಪೇರು. ಕಾಲಂಗಳ ಎತ್ತರವನ್ನು ಗ್ರಿಡ್ ಸಮ ಮಾಡಿರುತ್ತದೆ. ಡಬ್ಬಿಯೊಳಗೆ ಫ್ಲೆಕ್ಸ್, ದಿಕ್ಕು ಕಾಲಂ (ಮೇಲಿಂದ ಕೆಳಗೆ), ಬಟನ್‌ಗೆ ಮಾರ್ಜಿನ್-ಟಾಪ್: ಆಟೋ (ಉಳಿದ ಜಾಗವೆಲ್ಲ ಬಟನ್ ಮೇಲೆ) ಕೊಟ್ಟೆ. ಮೂರೂ ಬಟನ್ ತಳಕ್ಕಿಳಿದು ಒಂದೇ ಗೆರೆಯಲ್ಲಿ ನಿಂತವು.