ಮನೆ ನವೀಕರಣಕ್ಕೆ ಮುಂಚೆ ಎನರ್ಜಿ ಆಡಿಟ್: ನನ್ನ ಅನುಭವ

ಹೀಟರ್ ಎಷ್ಟು ಹೊತ್ತು ಹಾಕಿದರೂ ಮಹಡಿಯ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಕಿಟಕಿಗಳನ್ನೆಲ್ಲ ಬದಲಿಸುವ ಮುಂಚೆ ಎನರ್ಜಿ ಆಡಿಟ್ (ಮನೆಯ ಶಾಖ ಎಲ್ಲಿ ಪೋಲಾಗುತ್ತಿದೆ ಅಂತ ಪತ್ತೆ ಮಾಡುವ ಪರೀಕ್ಷೆ) ಮಾಡಿಸಿದೆವು.

ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಮನೆಯ ಗಾಳಿಯನ್ನು ಹೊರಗೆಳೆದು, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ತಂದರು. ಆಗ ಸಂದು ಇದ್ದಲ್ಲೆಲ್ಲ ಹೊರಗಿನ ಗಾಳಿ ಒಳನುಗ್ಗುತ್ತದೆ. ಅಟ್ಟದ ಮುಚ್ಚಳದ ಅಂಚಿಗೆ ಹೊಗೆ ಹಿಡಿದರೆ, ಅದು ಸರ್ರನೆ ನಮ್ಮ ಕಡೆಗೇ ಬಂತು. ಕಿಟಕಿಗಳ ಹತ್ತಿರ ಅಷ್ಟಾಗಿ ಅಲ್ಲಾಡಲಿಲ್ಲ!

ಮೊದಲು ಸಂದುಗಳನ್ನು ಸೀಲ್ ಮಾಡಿಸಿ, ಆಮೇಲೆ ಅಟ್ಟಕ್ಕೆ ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕಿಸಿದೆವು. ಈ ಕ್ರಮ ತಪ್ಪಬಾರದು. ಇನ್ಸುಲೇಷನ್ ಕೆಳಗೆ ಅಡಗಿದ ಸಂದನ್ನು ಹುಡುಕೋದು ಕಷ್ಟ ಅಲ್ವಾ? ಗ್ಯಾಸ್ ಗೀಸರ್ ಇದ್ದರೆ, ಸೀಲ್ ಮಾಡಿದ ಮೇಲೆ ಅದರ ಹೊಗೆ ಸರಿಯಾಗಿ ಹೊರಹೋಗುತ್ತದೆಯೇ ಅಂತ ಖಂಡಿತ ಪರೀಕ್ಷೆ ಮಾಡಿಸಿ.

ಕೋಣೆ ಈಗ ಬೆಚ್ಚಗಿದೆ. ಕಿಟಕಿ ಬದಲಿಸುವ ಖರ್ಚೂ ಉಳಿಯಿತು.