ಎರೆಹೊಲಕ್ಕೆ ರೂಟರ್ ಇಳಿಸುವ ಮುನ್ನ ಮಣ್ಣು ಮುಟ್ಟಿ ನೋಡಿ

ದೊಡ್ಡ ಮಳೆ ನಿಂತ ಮಾರನೇ ದಿನ ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗಿ ನೋಡಿ. ಒಂದಿಲ್ಲೊಂದು ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತಿರುತ್ತದೆ. ಹಿಂದಿನ ಗಾಲಿಗೆ ಎರೆಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು, ನಾಲ್ಕು ಬೆರಳು ದಪ್ಪ ಮೆತ್ತಿರುತ್ತದೆ. ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೂಟರ್ (ರೋಟವೇಟರ್) ಹಿಂದೆ ಮಣ್ಣು ಉದುರುವುದಿಲ್ಲ, ಹೋಳುಹೋಳಾಗಿ ಬೀಳುತ್ತದೆ. ಹೊಲದವರು ಬದುವಿನ ಮೇಲೆ ನಿಂತು, ಕೆಲಸ ಮುಗೀತಲ್ಲ ಅಂತ ನಿರಾಳವಾಗಿರುತ್ತಾರೆ. ಹದಿನೈದು ದಿನ ಬಿಟ್ಟು ಅದೇ ಹೊಲಕ್ಕೆ ಕಾಲಿಟ್ಟರೆ ಬರೀ ಹೆಂಟೆ. ಕೊಡಲಿಯಿಂದ ಹೊಡೆದರೂ ಒಡೆಯದಂಥ ಹೆಂಟೆ.

ನಾನೂ ಅದನ್ನೇ ಮಾಡಿದವನು. ಒಂದು ವರ್ಷ ಹಿಂಗಾರಿಗೆ ಬಾಡಿಗೆ ಟ್ರ್ಯಾಕ್ಟರ್ ಹೇಳಿದ್ದೆ. ಇನ್ನೂ ಎರಡು ದಿನ ಆರಲಿ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಡ್ರೈವರ್ ಬಿಡಲಿಲ್ಲ. “ಇವತ್ತ ಹೊಡದ ಕೊಡ್ತೀನ್ರಿ ಅಣ್ಣಾರ, ನಾಳಿಂದ ನಾಕ್ ದಿನ ಬ್ಯಾರೆ ಕಡೆ ಒಪ್ಕೊಂಡೇನ್ರಿ” ಅಂದ. ಹೂಂ ಅಂದುಬಿಟ್ಟೆ. ಆ ವರ್ಷ ಕಡಲೆಯ ಸಾಲಿನಲ್ಲಿ ಮಾರಿಗೊಂದು ಖಾಲಿ ಜಾಗ. ಬೀಜ ಎರಡು ಹೆಂಟೆಯ ನಡುವೆ ಗಾಳಿಯಲ್ಲಿ ಕೂತಿತ್ತು, ಮೊಳೆಯಲೇ ಇಲ್ಲ.

ಇದು ಎರೆಹೊಲದವರಿಗೆ ಮಾತ್ರ. ಕಲಘಟಗಿ ಕಡೆಯ ಕೆಂಪು ಮಣ್ಣಿನವರು, ಮಸಾರಿ ಹೊಲದವರು ಇಷ್ಟೆಲ್ಲ ಪರದಾಡಬೇಕಿಲ್ಲ.

ಬೇಸಿಗೆಯ ಪಲ್ಟಿ

ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ಮಣ್ಣು ಮಗುಚಿ ಹಾಕುವ ಪಲ್ಟಿ ನೇಗಿಲು ಹೊಡೆಸಿ. ಎಂಟರಿಂದ ಹತ್ತು ಇಂಚು ಆಳ ಸಾಕು. ಪ್ರತಿವರ್ಷ ಬೇಡ, ಎರಡು-ಮೂರು ವರ್ಷಕ್ಕೊಮ್ಮೆ ಆದರೆ ಆಯಿತು. ಕರಿಕೆ, ಜೇಕಿನಂಥ ಕಳೆ ಜಾಸ್ತಿ ಇದ್ದ ಹೊಲಕ್ಕೆ ಮಾತ್ರ ಮೇಲಿಂದ ಮೇಲೆ ಹೊಡೆಸಬಹುದು. ಇಳಿಜಾರಿಗೆ ಅಡ್ಡವಾಗಿ ಹೊಡೆಸುವುದನ್ನು ಮರೆಯಬೇಡಿ. ಇಳಿಜಾರಿನ ಉದ್ದಕ್ಕೆ ಹೊಡೆದರೆ ಮೊದಲ ಮಳೆಗೇ ಸಾಲುಗಳೆಲ್ಲ ಕಾಲುವೆಯಾಗಿ ಮಣ್ಣು ಹಳ್ಳ ಸೇರುತ್ತದೆ.

ಹೆಂಟೆಯನ್ನು ಹಾಗೇ ಬಿಡಿ

ಪಲ್ಟಿ ಹೊಡೆದಾಗ ತಲೆದಿಂಬಿನಷ್ಟು ದೊಡ್ಡ ಹೆಂಟೆ ಏಳುತ್ತವೆ. ಅವನ್ನು ನೋಡಿದವರಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಅಲ್ಲೇ ರೂಟರ್ ಇಳಿಸುತ್ತಾರೆ. ಬೇಡ. ಒಣ ಹೆಂಟೆಗೆ ರೂಟರ್ ಹೊಡೆದರೆ ಅರ್ಧ ಧೂಳು, ಅರ್ಧ ಕಲ್ಲು. ಡೀಸೆಲ್ ಉರಿಯುತ್ತದೆ, ಬ್ಲೇಡ್ ಸವೆಯುತ್ತದೆ, ಯಂತ್ರ ಕುಣಿಯುತ್ತದೆ.

ಎರೆಮಣ್ಣಿನಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಜೇಡಿಯೇ ಇರುತ್ತದೆ. ಅದರಲ್ಲೂ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಅದಕ್ಕೇ. ಈ ಉಬ್ಬು-ಕುಗ್ಗಿನ ಗುಣ ನಮಗೆ ಪುಕ್ಕಟೆ ಕೆಲಸ ಮಾಡಿಕೊಡುತ್ತದೆ. ಏಪ್ರಿಲ್ ಬಿಸಿಲಿಗೆ ಒಣಗಿದ ಹೆಂಟೆಯ ಮೇಲೆ ಭರಣಿ, ಕೃತ್ತಿಕಾ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಸುಣ್ಣದ ಕಲ್ಲಿಗೆ ನೀರು ಹಾಕಿದ ಹಾಗೆ ತಾನೇ ಬಿರಿದು ಉದುರುತ್ತದೆ. ಅಲ್ಲಿಯ ತನಕ ಹೊಲದ ಕಡೆ ಟ್ರ್ಯಾಕ್ಟರ್ ತರಬೇಡಿ.

ಇದೇ ಹೊತ್ತಿಗೆ ಬೈಕ್ ಮೇಲೆ ಏಜೆಂಟರು ಬರುತ್ತಾರೆ. ಒಂದು ಲೀಟರ್ ಬಾಟಲಿ ಸಿಂಪಡಿಸಿದರೆ ಒಂದು ಎಕರೆ ಎರೆ ಮೆತ್ತಗಾಗುತ್ತದೆ ಅನ್ನುತ್ತಾರೆ. ಒಂದು ಸಲ ತಂದು ಅರ್ಧ ಹೊಲಕ್ಕೆ ಹೊಡೆದು ನೋಡಿದ್ದೇನೆ. ಯಾವ ಅರ್ಧಕ್ಕೆ ಹೊಡೆದಿದ್ದು ಅಂತ ಆಮೇಲೆ ನನಗೇ ಗೊತ್ತಾಗಲಿಲ್ಲ. ಆ ದುಡ್ಡಿಗೆ ಎರಡು ಚಕ್ಕಡಿ ತಿಪ್ಪೆಗೊಬ್ಬರ ಹಾಕಿ. ಇನ್ನು ಜಿಪ್ಸಮ್. ಅದು ಒಳ್ಳೆಯ ವಸ್ತುವೇ, ಆದರೆ ಸೋಡಿಯಂ ಸೇರಿ ಕೆಟ್ಟ ಕರಲು ನೆಲಕ್ಕೆ. ಮಲಪ್ರಭಾ ಕಾಲುವೆ ಪಕ್ಕದ ಹೊಲದವರು ಮಣ್ಣು ಪರೀಕ್ಷೆ ಮಾಡಿಸಿ ಹಾಕಲಿ. ಉಳಿದವರು ಸುಮ್ನೆ ಸುರಿಯಬೇಡಿ.

ಹದ ನೋಡುವುದು

ಜನ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಮೇಲಿನ ಮಣ್ಣು ನೋಡಿ ಹದ ಹೇಳಲು ಬರುವುದಿಲ್ಲ. ಗಾಳಿ ಬೀಸಿದರೆ ಒಂದೇ ದಿನದಲ್ಲಿ ಮೇಲಿನ ಎರಡು ಇಂಚು ಬೆಳ್ಳಗಾಗಿ, ಸಣ್ಣ ಬಲೆಯಂತೆ ಬಿರುಕು ಬಿಡುತ್ತದೆ. ಚಪ್ಪಲಿ ಹಾಕಿಕೊಂಡು ನಡೆದರೆ ಅಂಟುವುದೂ ಇಲ್ಲ. ಕೆಳಗೆ ಮಾತ್ರ ಇನ್ನೂ ಕಣಕದ ಹಿಟ್ಟು. ರೂಟರ್ ಓಡುವುದು ಆ ಕೆಳಗಿನ ಮಣ್ಣಿನಲ್ಲಿ, ಮೇಲಿನದರಲ್ಲಲ್ಲ.

ಕುರ್ಪಿ ತಗೊಂಡು ಹೊಲಕ್ಕೆ ಹೋಗಿ. ಮೂರು ಕಡೆ ಅಗೆಯಿರಿ. ಏರಿನಲ್ಲಿ ಒಂದು, ನಡುವೆ ಒಂದು, ತಗ್ಗಿನಲ್ಲಿ ಒಂದು. ನಾಲ್ಕೈದು ಇಂಚು ಆಳದಿಂದ ಲಿಂಬೆಹಣ್ಣಿನಷ್ಟು ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಮಾಡಿ. ಆಮೇಲೆ ದೀಪದ ಬತ್ತಿ ಹೊಸೆಯುತ್ತಾರಲ್ಲ, ಹಾಗೆ ಹೊಸೆಯಿರಿ. ಬೆಂಕಿಕಡ್ಡಿಗಿಂತ ಚೂರು ದಪ್ಪ ಆಗುವ ತನಕ ತುಂಡಾಗದೆ ಉದ್ದಕ್ಕೆ ಬಂತು ಅಂದರೆ ಮಣ್ಣು ಇನ್ನೂ ಹಸಿ. ಮನೆಗೆ ನಡೆಯಿರಿ. ಪೆನ್ಸಿಲ್ ದಪ್ಪಕ್ಕೆ ಬರುವಷ್ಟರಲ್ಲೇ ಬಿರುಕು ಬಿಟ್ಟು ತುಂಡುತುಂಡಾದರೆ ಹದ ಹತ್ತಿರ ಬಂದಿದೆ.

ಈಗ ಇನ್ನೊಂದು ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ. ಬೆರಳಿನ ಗುರುತು ಮೂಡಿ ಉಂಡೆ ಚಪ್ಪಟೆಯಾದರೆ ಹಸಿ. ಜೋಳದ ನುಚ್ಚಿನಂತೆ ಕಾಳುಕಾಳಾಗಿ ಉದುರಿದರೆ ಸರಿಯಾದ ಹದ. ಬೆರಳೇ ನೋಯುವಷ್ಟು ಗಟ್ಟಿ ಇದ್ದರೆ ಹದ ದಾಟಿದೆ, ಇನ್ನೊಂದು ಮಳೆಗೆ ಕಾಯಬೇಕು.

ಮೂರು ಕಡೆಯೂ ಒಂದೇ ಥರ ಇರುವುದಿಲ್ಲ. ಏರಿನ ಮಣ್ಣು ಹದಕ್ಕೆ ಬಂದಾಗ ತಗ್ಗಿನದು ಹಸಿಯಾಗಿಯೇ ಇರುತ್ತದೆ. ತಗ್ಗಿನ ಮಾತು ಕೇಳಿ. ಇಲ್ಲವಾದರೆ ಏರಿನ ಭಾಗ ಇವತ್ತು, ತಗ್ಗಿನ ಭಾಗ ಮೂರು ದಿನ ಬಿಟ್ಟು ಹೊಡೆಸಿ. ಟ್ರ್ಯಾಕ್ಟರ್ ಎರಡು ಸಲ ಕರೆಸಬೇಕಾಗುತ್ತದೆ, ಖರ್ಚು ನಿಜ. ಆದರೂ ನಾನು ಹಾಗೇ ಮಾಡುತ್ತೇನೆ.

ಮಳೆ ಆದ ಎಷ್ಟು ದಿನಕ್ಕೆ ಹದ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನೆಲ ನೆನೆಯುವಂಥ ಮಳೆಯಾಗಿ ಬಿಸಿಲು ಬಿದ್ದರೆ ಮೂರರಿಂದ ಆರು ದಿನ. ಮೋಡ ಮುಚ್ಚಿಕೊಂಡಿದ್ದರೆ ಲೆಕ್ಕವೇ ಇಲ್ಲ. ಆದ್ದರಿಂದ ದಿನ ಎಣಿಸಬೇಡಿ, ಬತ್ತಿ ಹೊಸೆಯಿರಿ. ಹದ ಬಂದ ಮೇಲೆ ಅದು ಎರಡು-ಮೂರು ದಿನ ನಿಂತರೆ ಹೆಚ್ಚು. ಆ ಎರಡು ದಿನಕ್ಕೆ ಟ್ರ್ಯಾಕ್ಟರ್ ಸಿಗಬೇಕಾದರೆ ಮೊದಲೇ ಇಬ್ಬರಿಗೆ ಹೇಳಿಟ್ಟಿರಬೇಕು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಬಾಡಿಗೆಗೆ ಕೇಳಬಹುದು. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ ಅಲ್ಲೂ ಸರದಿ ಇರುತ್ತದೆ.

ಕೊನೆಯ ಪರೀಕ್ಷೆ ಟ್ರ್ಯಾಕ್ಟರ್ ಬಂದ ಮೇಲೆ. ಹತ್ತು ಮಾರು ಓಡಿಸಿ ನಿಲ್ಲಿಸಲು ಹೇಳಿ. ಇಳಿದು ಹೋಗಿ ಕೈಯಿಂದ ಸಡಿಲ ಮಣ್ಣು ಸರಿಸಿ, ಕೆಳಗಿನ ಗಟ್ಟಿ ನೆಲ ನೋಡಿ. ಅದು ಎಣ್ಣೆ ಒರೆಸಿದ ಹಾಗೆ ಹೊಳೆಯುತ್ತಿದ್ದರೆ ಅಲ್ಲಿಗೇ ಬಿಡಿಸಿ ಕಳಿಸಿ. ಬ್ಲೇಡು ಮಣ್ಣನ್ನು ಕತ್ತರಿಸುತ್ತಿಲ್ಲ, ಸಾರಣೆ ಮಾಡುತ್ತಿದೆ ಅಂತ ಅರ್ಥ. ನೀರು ಇಳಿಯುವ, ಬೇರು ಹೋಗುವ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಆ ಪದರ ಒಣಗಿದರೆ ನೆಲದೊಳಗೆ ಗಾರೆ ಹಾಕಿದಂತೆ.

ಕಲ್ಟಿವೇಟರ್ ಮೊದಲು

ನೇರ ರೂಟರ್ ಇಳಿಸುವುದು ಈಗಿನ ಅಡ್ಡದಾರಿ. ಒಂದೇ ಸಲಕ್ಕೆ ಹೊಲ ಕಾರ್ಪೆಟ್ಟಿನಂತೆ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಪ್ರೀತಿ. ನನ್ನ ಕ್ರಮ ಬೇರೆ. ಮೊದಲು ಒಂಬತ್ತು ಹಲ್ಲಿನ ಕಲ್ಟಿವೇಟರ್ ಒಂದು ಸಲ ಉದ್ದ, ಒಂದು ಸಲ ಅಡ್ಡ. ಎರೆಗೆ ಸ್ಪ್ರಿಂಗ್ ಇಲ್ಲದ ಗಟ್ಟಿ ಹಲ್ಲಿನದೇ ಒಳ್ಳೆಯದು. ಸ್ಪ್ರಿಂಗ್ ಇರುವುದು ಕಲ್ಲು ಹೊಲಕ್ಕೆ. ಎರೆಯಲ್ಲಿ ಅದು ಗಟ್ಟಿ ಸಿಕ್ಕ ಕಡೆ ಹಿಂದಕ್ಕೆ ಬಾಗಿ ಮೇಲೆ ಮೇಲೆ ಕೆರೆದು ಹೋಗುತ್ತದೆ.

ಇಷ್ಟಾದ ಮೇಲೆ ಹೆಂಟೆ ಮುಷ್ಟಿಗಿಂತ ಸಣ್ಣ ಇದ್ದರೆ ರೂಟರ್ ಬೇಕಾಗಿಯೇ ಇಲ್ಲ. ಟ್ರ್ಯಾಕ್ಟರ್ ಕುಂಟೆಯಿಂದ ಹರಗಿಸಿ ಮುಗಿಸಿ. ಕಡಲೆ, ಬಿಳಿಜೋಳಕ್ಕೆ ಅಷ್ಟು ಸಾಕು. ಈರುಳ್ಳಿ ಹಾಕುವವರಿಗೆ ಮಾತ್ರ ಸಣ್ಣ ಮಣ್ಣು ಬೇಕು, ಅವರು ಮುಂದೆ ಓದಲಿ.

ರೂಟರ್

ಐದು ಅಡಿ ರೂಟರ್‌ಗೆ ಸಾಮಾನ್ಯವಾಗಿ 36 ಬ್ಲೇಡ್, ಆರು ಅಡಿಯದಕ್ಕೆ 42. ಎರೆಯಲ್ಲಿ ಆರು ಅಡಿ ಎಳೆಯಲು 45 ಎಚ್‌ಪಿಗಿಂತ ಕಡಿಮೆಯ ಟ್ರ್ಯಾಕ್ಟರ್ ಕಟ್ಟಬೇಡಿ. ಇಂಜಿನ್ ನರಳುವ ಸದ್ದು ಪಕ್ಕದ ಹೊಲಕ್ಕೂ ಕೇಳುತ್ತದೆ.

ಆಳ ನಾಲ್ಕು ಇಂಚು. ಎರಡು ಬದಿಯ ಸ್ಕಿಡ್ (ನೆಲದ ಮೇಲೆ ಜಾರುತ್ತ ಆಳ ಕಾಯುವ ಪಟ್ಟಿ) ಒಂದೇ ತೂತಿನಲ್ಲಿವೆಯಾ ನೋಡಿ, ಇಲ್ಲವಾದರೆ ಹೊಲ ಒಂದು ಕಡೆ ವಾಲುತ್ತದೆ. ಹಿಂದಿನ ತಗಡಿನ ಬಾಗಿಲು ಕೆಳಗೆ ಬಿಟ್ಟರೆ ಮಣ್ಣು ಒಳಗೇ ಬಡಿದು ಸಣ್ಣದಾಗುತ್ತದೆ, ಎತ್ತಿದರೆ ದಪ್ಪ ಉಳಿಯುತ್ತದೆ. ಅರ್ಧ ಎತ್ತಿಸಿ. ಹಿಟ್ಟಿನಂತೆ ಮಾಡಿದ ಎರೆಯ ಮೇಲೆ ಮಳೆ ಬಿದ್ದರೆ ಮೇಲೊಂದು ಹಪ್ಪಳ ಕಟ್ಟುತ್ತದೆ, ಈರುಳ್ಳಿ ಮೊಳಕೆಗೆ ಅದನ್ನು ಒಡೆದು ಬರುವ ಶಕ್ತಿ ಇಲ್ಲ. ಕಡಲೆಕಾಳಿನಿಂದ ಅಡಿಕೆ ಗಾತ್ರದ ತನಕ ಹೆಂಟೆ ಇರಬೇಕು.

ಪಿಟಿಒ (ರೂಟರ್ ತಿರುಗಿಸುವ ಟ್ರ್ಯಾಕ್ಟರ್ ಶಾಫ್ಟ್) ನಿಮಿಷಕ್ಕೆ 540 ಸುತ್ತಿನಲ್ಲಿ ಇರಲಿ, ಗಾಡಿ ಲೋ ಗೇರ್‌ನಲ್ಲಿ ಇರಲಿ. ಎಕರೆ ಲೆಕ್ಕದಲ್ಲಿ ಬಾಡಿಗೆ ಮಾತಾಡಿದರೆ ಡ್ರೈವರ್ ಮೇಲಿನ ಗೇರ್‌ಗೆ ಹೋಗುತ್ತಾನೆ, ಗಂಟೆ ಲೆಕ್ಕದಲ್ಲಿ ಮಾತಾಡಿದರೆ ಬೀಡಿ ಸೇದಲು ಇಳಿಯುತ್ತಾನೆ. ಕಲ್ಟಿವೇಟರ್‌ಗೆ ಎಕರೆ ಲೆಕ್ಕ, ರೂಟರ್‌ಗೆ ಗಂಟೆ ಲೆಕ್ಕ ಮಾತಾಡಿ. ಬೀಡಿಯಿಂದ ಹೊಲ ಕೆಡುವುದಿಲ್ಲ.

ಒಂದು ಸಲ ಹೊಡೆದರೆ ಮುಗಿಯಿತು. ಎರಡನೇ ಸಲ ಬೇಡವೇ ಬೇಡ. ವರ್ಷ ವರ್ಷ ಅದೇ ನಾಲ್ಕು ಇಂಚಿಗೆ ರೂಟರ್ ಓಡಿದರೆ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಒಂದು ಇಂಚು ಮಳೆಗೂ ಹೊಲದಲ್ಲಿ ನೀರು ನಿಲ್ಲತೊಡಗಿದರೆ ಕಾರಣ ಇದೇ ಇರಬಹುದು, ಅಗೆದು ನೋಡಿ.

ಬ್ಲೇಡ್ ಕೊಳ್ಳುವಾಗ ಬೋರಾನ್ ಸ್ಟೀಲಿನದು ಕೇಳಿ. ಅದೇ ಬಣ್ಣ ಬಳಿದ ಸಾದಾ ಕಬ್ಬಿಣದ್ದು ಅರ್ಧ ಬೆಲೆಗೆ ಸಿಗುತ್ತದೆ, ಒಂದೇ ಹಂಗಾಮಿಗೆ ಚಾಕುವಿನಂತೆ ಸವೆಯುತ್ತದೆ. ಇನ್ನೊಂದು, ಶಾಫ್ಟಿನ ಶಿಯರ್ ಬೋಲ್ಟ್. ಅದು ಮುರಿಯಲೆಂದೇ ಇರುವ ಬೋಲ್ಟ್. ಮೇಲಿಂದ ಮೇಲೆ ಮುರಿಯುತ್ತದೆ ಅಂತ ಅಲ್ಲಿ ಗಟ್ಟಿ ಸರಳು ತೂರಿಸಿದವರನ್ನು ನೋಡಿದ್ದೇನೆ. ಮುಂದಿನ ಕಲ್ಲಿಗೆ ಗೇರ್‌ಬಾಕ್ಸೇ ಹೋಯಿತು. ಶಾಫ್ಟಿಗೆ ಪ್ಲಾಸ್ಟಿಕ್ ಕವರ್ ಇರಲೇಬೇಕು. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಧೋತರ ಉಟ್ಟು ಅದರ ಹತ್ತಿರ ಹೋಗಬೇಡಿ. ಬ್ಲೇಡಿಗೆ ಸಿಕ್ಕ ಹತ್ತಿಕಟ್ಟಿಗೆ ತೆಗೆಯಬೇಕಾದರೆ ಇಂಜಿನ್ ಬಂದ್ ಮಾಡಿ, ಕೀಲಿ ನಿಮ್ಮ ಜೇಬಿಗೆ ಹಾಕಿಕೊಳ್ಳಿ.

ಕೊರಡು

ಸಮ ಮಾಡಲು ಎಂಟು ಅಡಿ ಜಾಲಿ ಕೊರಡಿಗೆ ಎರಡು ಸರಪಳಿ ಕಟ್ಟಿ ಎಳೆಸಿ, ಇಳಿಜಾರಿಗೆ ಅಡ್ಡವಾಗಿ, ಒಂದೇ ಸಲ. ಕಬ್ಬಿಣದ ರೈಲು ಕಂಬಿ ಕಟ್ಟುವವರಿದ್ದಾರೆ, ಅದರ ಭಾರಕ್ಕೆ ಮಣ್ಣು ಅದುಮಿಕೊಳ್ಳುತ್ತದೆ. ಕೊರಡು ಹೋದ ಮೇಲೆ ಬರಿಗಾಲಲ್ಲಿ ನಡೆಯಿರಿ. ಹಿಮ್ಮಡಿ ಒಂದು ಇಂಚು ಇಳಿದು ನಿಲ್ಲಬೇಕು. ಪಾದವೇ ಮುಳುಗಿದರೆ ಬಿತ್ತನೆಗೆ ಎರಡು ದಿನ ತಡೆಯಿರಿ.

ಉಳಿದದ್ದು ಬದುವಿನ ಪಕ್ಕ ಟ್ರ್ಯಾಕ್ಟರ್ ತಿರುಗಿದ ಪಟ್ಟಿ. ಎಲ್ಲ ಓಡಾಟದ ಭಾರ ಬಿದ್ದು ಅದು ರಸ್ತೆಯಂತಾಗಿರುತ್ತದೆ. ಹೊರಗೆ ಬರುವ ಮುನ್ನ ಕಲ್ಟಿವೇಟರ್‌ನಿಂದ ಅದನ್ನು ಎರಡು ಸಲ ಸೀಳಿಸಿ. ಹಿಂಗಾರಿಯಾದರೆ ನಾನು ಅಲ್ಲಿ ಎರಡು ಸಾಲು ಕುಸುಬೆ ಹಾಕುತ್ತೇನೆ. ಅದರ ಬೇರು ಗಟ್ಟಿ ನೆಲದಲ್ಲೂ ಆಳಕ್ಕೆ ಇಳಿಯುತ್ತದೆ, ಮುಳ್ಳಿಗೆ ಹೆದರಿ ದನವೂ ಒಳಗೆ ಬರುವುದಿಲ್ಲ.